ಬಣಕಲ್ ಕಡೆಯ ಒಂದು ಏರು

ರಜೆಗೆಂದು ಚಿಕ್ಕಮಗಳೂರಿನ ಕಡೆ ಹೋಗಿಬಂದ ನಿಮ್ಮಲ್ಲಿ ಅನೇಕರು ಅಲ್ಲಿನ ಜೀಪುಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳನ್ನು ನನಗೆ ತೋರಿಸಿದ್ದೀರಿ. "ಆಂಟೀ, ಇಷ್ಟು ಹಳೇ ಗಾಡಿಗಳನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?" ಎಂದು ಕಳೆದ ರಾಜ್ಯೋತ್ಸವದ ದಿನ ಒಬ್ಬ ಹುಡುಗ ಕೇಳಿದ. ನಾನಾಗ ಪಂಕ್ತಿಗೆ ಬಡಿಸುವ ಗಡಿಬಿಡಿಯಲ್ಲಿದ್ದೆ. ಅವನಿಗೆ ಹೇಳಬೇಕಾದ ಉತ್ತರವನ್ನು ಈಗ ನಿಮಗೆಲ್ಲ ಬರೆಯುತ್ತಿದ್ದೇನೆ.

ನನ್ನ ತವರು ಮೂಡಿಗೆರೆ ತಾಲೂಕಿನ ಬಣಕಲ್ ಕಡೆ. ಮಂಗಳೂರಿನಲ್ಲಿ ಬಸ್ಸು ಹತ್ತಿದರೆ ಅದು ಉಜಿರೆ ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳನ್ನೆಲ್ಲ ಏರಿ, ಕೊಟ್ಟಿಗೆಹಾರಕ್ಕೆ ಬಂದು ಉಸಿರು ಬಿಡುತ್ತದೆ. ಅಲ್ಲಿ ಬಿಸಿ ನೀರುದೋಸೆ ತಿನ್ನದೆ ಮುಂದೆ ಹೋದವರನ್ನು ನಾನು ನಮ್ಮ ಕಡೆಯವರೆಂದು ಒಪ್ಪುವುದಿಲ್ಲ. ಬಣಕಲ್ಲಿನ ಟಾರು ರಸ್ತೆಯಿಂದ ನಮ್ಮ ಮನೆಗೆ ಕಾಫಿ ತೋಟದ ನಡುವೆ ಎರಡು ಕಿಲೋಮೀಟರು ಮಣ್ಣಿನ ದಾರಿ. ಮನೆಯಿಂದ ಹೊರಟರೆ ಮೊದಲು ಹಳ್ಳ, ಹಳ್ಳ ದಾಟಿದರೆ ಏರು. ಬೇಸಗೆಯಲ್ಲಿ ಅದನ್ನು ಸೈಕಲ್ಲಿನವನೂ ಹತ್ತುತ್ತಾನೆ. ಮಳೆ ಹಿಡಿದ ಮೇಲೆ ಸೋಪು ಹಚ್ಚಿದ ಹಾಗೆ ಜಾರುತ್ತದೆ.

1998ರ ಆಗಸ್ಟ್. ಆ ವರ್ಷವೇ ಪೂರ್ತಿ ತೆರೆದಿದ್ದ ಕೊಂಕಣ ರೈಲಿನಲ್ಲಿ ನಾನು ಮುಂಬಯಿಯಿಂದ ಊರಿಗೆ ಹೋಗಿದ್ದೆ. ಅತ್ತಿಗೆಗೆ ದಿನ ತುಂಬಿತ್ತು. ಒಂದು ರಾತ್ರಿ ಹತ್ತು ಗಂಟೆಗೆ ನೋವು ಶುರುವಾಯಿತು. ಮನೆಯಲ್ಲಿದ್ದುದು ಅಪ್ಪನ ಹಳೆಯ ಪಿಕಪ್ಪು ಒಂದೇ. ಕಾಫಿ ಮೂಟೆ ಸಾಗಿಸಲು ಕೊಂಡದ್ದು. ಇಂಥ ಗಾಡಿಯ ಗುಣ ಕೇಳಿ: ಎಂಜಿನ್ನಿನ ಭಾರವೆಲ್ಲ ಮುಂದೆ, ಅದರ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಮೂಟೆ ಹೇರಿದ್ದರೆ ಹಿಂದಿನ ಚಕ್ರ ನೆಲ ಕಚ್ಚುತ್ತದೆ. ಖಾಲಿಯಿದ್ದರೆ ನಿಂತಲ್ಲೇ ಗಿರ್ರನೆ ತಿರುಗಿ ಕೆಸರು ತೋಡುತ್ತದೆ. ಭಾರಕ್ಕೆಂದು ಲೈನಿನ ಆಳುಗಳು ಎಂಟು ಜನ ಹಿಂದೆ ಹತ್ತಿ ನಿಂತರು. ಚಕ್ರದಡಿಗೆ ಗೋಣಿಚೀಲ, ಅಡಿಕೆ ಸೋಗೆ ಹಾಕಿದೆವು. ಮೂರನೆಯ ಸಲ ಗಾಡಿ ಅಡ್ಡಕ್ಕೆ ಜಾರಿ ಚರಂಡಿಗೆ ಇಳಿಯಿತು. ಅತ್ತಿಗೆ ಮುಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಟಾರ್ಚು ಹಿಡಿದಿದ್ದ ನನ್ನ ಕೈ ನಡುಗುತ್ತಿತ್ತು.

ಅಣ್ಣ ಕತ್ತಲಲ್ಲಿ ಓಡಿಹೋಗಿ ಪಕ್ಕದ ತೋಟದವರನ್ನು ಎಬ್ಬಿಸಿದ. ಸೈನ್ಯದ ಹರಾಜಿನಲ್ಲಿ ಕೊಂಡ ಅವರ ಜೀಪು ಬರುವಾಗ ಒಂದೂವರೆ ಗಂಟೆ ಕಳೆದಿತ್ತು. ಅತ್ತಿಗೆಯನ್ನು ಅದಕ್ಕೆ ಎತ್ತಿ ಕೂರಿಸಿದೆವು. ಚಾಲಕ ಒಂದು ಸಣ್ಣ ಲಿವರ್ ಎಳೆದ. ಅದೇ ಏರನ್ನು ಜೀಪು ಹಸು ಗುಡ್ಡ ಹತ್ತಿದ ಹಾಗೆ ನಿಧಾನವಾಗಿ ಹತ್ತಿತು. ಬೆಳಗಿನ ಜಾವ ಮೂಡಿಗೆರೆಯಲ್ಲಿ ಹೆಣ್ಣುಮಗು ಹುಟ್ಟಿತು. "ಇನ್ನರ್ಧ ಗಂಟೆ ತಡವಾಗಿದ್ದರೆ..." ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

ಮಗುವಿನ ನಾಮಕರಣಕ್ಕೂ ಮೊದಲು ಅಪ್ಪ ಪಿಕಪ್ಪನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದರು: "ಇದಕ್ಕೆ ಮುಂದಿನ ಚಕ್ರವೂ ಎಳೆಯಬೇಕು." ಕುತೂಹಲಕ್ಕೆ ನಾನೂ ಜೊತೆಗೆ ಹೋಗಿದ್ದೆ. ಮೇಸ್ತ್ರಿ ಹೇಳಿದ್ದನ್ನು ಹೇಳುತ್ತೇನೆ. ಗೇರ್ ಬಾಕ್ಸಿನ ಹಿಂದೆ ಶಕ್ತಿಯನ್ನು ಎರಡು ಪಾಲು ಮಾಡುವ ಇನ್ನೊಂದು ಪೆಟ್ಟಿಗೆ ಕೂರಬೇಕು, ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಅಲ್ಲಿಂದ ಮುಂದಕ್ಕೊಂದು ಶಾಫ್ಟು. ಮುಂದಿನ ಬರಿ ಆಕ್ಸಲ್ ತೆಗೆದು, ಒಳಗೆ ಹಲ್ಲುಚಕ್ರಗಳಿದ್ದೂ ಚಕ್ರವನ್ನು ಆಚೀಚೆ ತಿರುಗಿಸಬಲ್ಲ ಜೀಪಿನ ಆಕ್ಸಲ್ ಹಾಕಬೇಕು. ನಮ್ಮ ಗಾಡಿಗೆ ಮುಂದೆಯೂ ಪಟ್ಟಿ ಸ್ಪ್ರಿಂಗ್ ಇದ್ದದ್ದರಿಂದ ಇದು ಸಾಧ್ಯವಾಯಿತು.

ಆಮೇಲೆ ಅವರು ಗುಜರಿಯಿಂದ ಬಂದ ಒಂದು ಜೀಪಿನ ಆಕ್ಸಲಿಗೆ ಸೀಮೆಸುಣ್ಣದ ಗೆರೆ ಎಳೆದು, ಎರಡೂ ಬದಿಯನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದರು. ಶಾಫ್ಟು ಐದು ಸುತ್ತು ದಾಟಿ ಇನ್ನಷ್ಟು ತಿರುಗಿತು. ಪಿಕಪ್ಪಿನ ಹಿಂದಿನ ಆಕ್ಸಲ್ ನಾಲ್ಕು ಚಿಲ್ಲರೆಗೇ ನಿಂತಿತು. "ಗೌಡ್ರೇ, ಮುಂದಿಂದು ಒಂದು ಲೆಕ್ಕ, ಹಿಂದಿಂದು ಒಂದು ಲೆಕ್ಕ ಆದ್ರೆ ಎರಡೂ ಜಗಳ ಆಡಿ ಹಲ್ಲು ಮುರ್ಕೋತಾವೆ. ಒಂದೇ ಜೀಪಿನ ಎರಡೂ ತಗೊಳ್ಳಿ" ಎಂದರು.

ಖರ್ಚು ಇಮ್ಮಡಿಯಾಯಿತು. ಇದನ್ನು ಮಾರಿ ಜೀಪನ್ನೇ ಕೊಳ್ಳೋಣವೆಂದು ಅಣ್ಣ ಹಟ ಹಿಡಿದ. ಜೀಪಿನಲ್ಲಿ ಇಷ್ಟು ಮೂಟೆ ಎಲ್ಲಿ ಹಿಡಿಯುತ್ತದೆ ಎಂದು ಅಪ್ಪ. ಎರಡು ದಿನ ಇಬ್ಬರಿಗೂ ಮಾತಿಲ್ಲ. ಲೆಕ್ಕ ಹಾಕಿದರೆ ಅಣ್ಣನದೇ ಸರಿಯೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆ ರಾತ್ರಿ ಸ್ಟೇರಿಂಗ್ ಹಿಡಿದಿದ್ದವರು ಅಪ್ಪ.

ಅಂದಹಾಗೆ, ಜೀಪು ನಿಮಗೆ ಪರಕೀಯವೇನಲ್ಲ. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು 1947ರಿಂದ ಜೋಡಿಸತೊಡಗಿದ್ದು ಈ ಮುಂಬಯಿಯಲ್ಲೇ, ಮಹೀಂದ್ರಾದವರು. ಕಾಂದಿವಲಿಯ ಹೆದ್ದಾರಿಯಲ್ಲಿ ಅವರ ಕಾರ್ಖಾನೆಯನ್ನು ನೀವು ನೋಡಿಯೇ ಇರುತ್ತೀರಿ.

ಅಪ್ಪ ಆರ್.ಟಿ.ಓ. ಕಚೇರಿಗೆ ಅರ್ಜಿ ಹಾಕಿ, ಗಾಡಿ ತೋರಿಸಿ, ಬದಲಾವಣೆಯನ್ನು ಪುಸ್ತಕದಲ್ಲಿ ಬರೆಸಿಕೊಂಡರು. ಈಗ ನಿಮಗೆ ಈ ಹುಚ್ಚು ಹಿಡಿದರೆ ಜೋಕೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಫೋರ್ ವೀಲೇ ಬೇಕಿದ್ದರೆ ಕಾರ್ಖಾನೆಯಿಂದ ಹಾಗೇ ಬಂದದ್ದನ್ನು ಕೊಳ್ಳಿ.

ನಾನು ಮುಂಬಯಿಗೆ ಮರಳಿದ ಮೇಲೆ ಅಪ್ಪನ ಕಾರ್ಡು ಬಂತು: "ಏರು ಹತ್ತಿತು. ಡೀಸೆಲ್ ಜಾಸ್ತಿ ಕುಡಿಯುತ್ತದೆ. ಸ್ಟೇರಿಂಗ್ ಕಲ್ಲಿನಷ್ಟು ಭಾರ. ಮಗು ಚೆನ್ನಾಗಿದೆ."

ಅಪ್ಪ ಈಗಿಲ್ಲ. ಏರಿಗೆ ಕಾಂಕ್ರೀಟು ಬಿದ್ದಿದೆ. ಪಿಕಪ್ಪು ಕೊಟ್ಟಿಗೆಯ ಪಕ್ಕದಲ್ಲಿದೆ, ತೋಟದೊಳಗೆ ಮಾತ್ರ ಓಡುತ್ತದೆ. ಆ ರಾತ್ರಿಯ ಮಗು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಮಳೆಗಾಲದಲ್ಲಿ ಊರಿಗೆ ಬಂದವಳು ನಾನೇ ಓಡಿಸುತ್ತೇನೆಂದು ಹಟ ಮಾಡಿದಳು. ಅಣ್ಣ ಅವಳನ್ನು ಮೊದಲು ಕೆಳಗಿಳಿಸಿ, ಮುಂದಿನ ಚಕ್ರದ ನಡುವಿನ ಲಾಕ್ ತಿರುಗಿಸುವುದನ್ನು ಕಲಿಸಿದ. "ಕೆಸರಲ್ಲಿ ಮಾತ್ರ ಹಾಕು, ಟಾರಲ್ಲಿ ತೆಗಿ. ಗಟ್ಟಿ ನೆಲದ ತಿರುವಲ್ಲಿ ಹಾಗೇ ಓಡಿಸಿದ್ರೆ ಹಲ್ಲು ಹೋಗುತ್ತೆ" ಎಂದ. ಅವಳು ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಅದನ್ನು ತಿರುಗಿಸುತ್ತಿದ್ದಳು. ಅತ್ತಿಗೆ ಜಗಲಿಯಿಂದ ನೋಡುತ್ತಿದ್ದರು.