ಕಾರೂ ಕಾರಣವೂ

ನಡುದಾರಿಯಲ್ಲಿ ನಿಂತ ಕಾರಿಗೆ ನೆರವು ಸಿಕ್ಕೀತು. ಮನೆಯಂಗಳದಲ್ಲಿ ನಿಂತ ಕಾರಿಗೆ ಸಿಕ್ಕುವುದು ಸಲಹೆ ಮಾತ್ರ. ಕಾರು ಹೊರಡದಿದ್ದರೆ ನೆರೆಹೊರೆಯವರೆಲ್ಲ ವೈದ್ಯರೇ! ಒಬ್ಬರು ಬ್ಯಾಟರಿ ಸತ್ತಿತೆನ್ನುವರು, ಮತ್ತೊಬ್ಬರು ಪೆಟ್ರೋಲಿಗೆ ನೀರು ಸೇರಿದೆಯೆನ್ನುವರು, ಮೂರನೆಯವರು 'ಹಳೆಯದು, ಮಾರಿಬಿಡಿ' ಎಂದು ಚರ್ಚೆಯನ್ನೇ ಮುಗಿಸುವರು.

ನಮ್ಮ ಮನೆಯದು ಇಪ್ಪತ್ತು ವರ್ಷ ದಾಟಿದ ಮಾರುತಿ 800. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಸಂತತಿಯದು. ಬೇರೆಯವರ ಕಾರು ಓಡಿಸಿ ಕೂಡಿಟ್ಟ ಹಣದಲ್ಲಿ ಅಪ್ಪ ಇದನ್ನು ಕೊಂಡರು. ವಾರಕ್ಕೆರಡು ಸಲ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದೇ ಈಗ ಇದರ ಮುಖ್ಯ ಕೆಲಸ. ಕಳೆದ ಡಿಸೆಂಬರಿನ ಒಂದು ಮುಂಜಾನೆ ಇದು ಹಟ ಹಿಡಿಯಿತು. ಏಳು ಗಂಟೆಗೆ ಅಜ್ಜಿಯ ಸರದಿ. ಮೊದಲ ಬಸ್ಸು ಹೊರಟುಹೋಗಿತ್ತು. ಅಜ್ಜಿಯ ಕಾಲುಗಳಾಗಲೇ ಊದಿಕೊಂಡಿದ್ದವು. ತಳ್ಳಿ ಹೊರಡಿಸಬಹುದಿತ್ತು ನಿಜ; ಆದರೆ ಹಿಂದಿರುಗುವಾಗ ಆಸ್ಪತ್ರೆಯ ಬಾಗಿಲಲ್ಲಿ ತಳ್ಳುವವರಾರು?

ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು. "ಮೊದಲು ಕೇಳೋ, ಆಮೇಲೆ ಹೇಳು" ಎಂದು ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿದರು. ಗೇರನ್ನು ನ್ಯೂಟ್ರಲ್‌ಗೆ ತಂದು ಕೀಲಿ ತಿರುಗಿಸಿದೆ. 'ಟಕ್' ಎಂಬ ಒಂದೇ ಸದ್ದು. ಎಂಜಿನ್ ಗರಗರನೆ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲನ್ನೋ ಕಿಡಿಯನ್ನೋ ಸಂಶಯಿಸಬೇಕು. ಇಲ್ಲಿ ಎಂಜಿನ್ ತಿರುಗಲೇ ಇಲ್ಲ. ಹೀಗೆ ಪೆಟ್ರೋಲು ನಿರಪರಾಧಿಯೆಂದು ಬಿಡುಗಡೆಯಾಯಿತು.

ಮುಂದಿನ ದೀಪಗಳನ್ನು ಹಾಕಿಸಿದರು. ಪ್ರಕಾಶವಾಗಿಯೇ ಉರಿದವು. ದೀಪವಿದ್ದ ಹಾಗೆಯೇ ಕೀಲಿ ತಿರುಗಿಸಿದೊಡನೆ ಮಂಕಾದವು. ದೀಪಕ್ಕೆ ಸಾಲುವಷ್ಟು ವಿದ್ಯುತ್ತು ಸ್ಟಾರ್ಟರಿಗೆ ಎಲ್ಲಿ ಸಾಲಬೇಕು? ಹಾಗಾದರೆ ಬ್ಯಾಟರಿಯಲ್ಲೇ ಬಲವಿಲ್ಲವೋ, ಬರುವ ದಾರಿಯಲ್ಲಿ ತಡೆಯಿದೆಯೋ? ಮೀಟರ್ ಹಿಡಿದು ನೋಡಿದರೆ 12.5 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ತೋರಿಸುವುದೇ ಸುಮಾರು 12.6. ಅಷ್ಟರಿಂದಲೇ ಬ್ಯಾಟರಿ ಗಟ್ಟಿಯೆಂದು ಹೇಳಲಾಗದು, ಹೊರೆ ಬಿದ್ದಾಗ ಕುಸಿಯುವುದೂ ಉಂಟು. ಆದರೆ ಹೊಸ ಬ್ಯಾಟರಿಯೆಂದರೆ ಸಾವಿರಾರು ರೂಪಾಯಿಯ ಮಾತು. "ಕಾಸಿಲ್ಲದ ಪರೀಕ್ಷೆ ಮೊದಲು, ಕಾಸಿನದು ಆಮೇಲೆ" ಎಂದರು ಅಪ್ಪ.

ಸ್ಪ್ಯಾನರ್ ತಂದು ಮೊದಲು ಮೈನಸ್, ಆಮೇಲೆ ಪ್ಲಸ್ ತಂತಿಯನ್ನು ಬಿಚ್ಚಿದರು. ಒಳಗೆಲ್ಲ ಬೂಷ್ಟು ಹಿಡಿದಂತೆ ಬಿಳಿ-ಹಸುರು ಪುಡಿ! ಬಿಸಿನೀರಲ್ಲಿ ತೊಳೆದು, ಉಜ್ಜಿ, ಒರೆಸಿ, ಮೈನಸ್ಸನ್ನು ಕೊನೆಗಿಟ್ಟು ಬಿಗಿದರು. ಕೀಲಿ ತಿರುಗಿಸಿದೆ, ಕಾರು ಹೊರಟಿತು. ಅಜ್ಜಿಯ ಸರದಿ ತಪ್ಪಲಿಲ್ಲ.

ಮಿಲ್ ಎಂಬ ಆಂಗ್ಲ ತತ್ತ್ವಜ್ಞಾನಿ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಶೋಧಿಸುವ ಐದು ವಿಧಾನಗಳಿವೆ. ನಾನು ಅವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇನೆ. ಅಪ್ಪ ಮಿಲ್ಲನ ಹೆಸರನ್ನೂ ಕೇಳಿದವರಲ್ಲ. ಆದರೂ ಒಂದೊಂದೇ ಸಂಶಯವನ್ನು ಪರೀಕ್ಷಿಸಿ, ಅಲ್ಲವೆಂದು ಖಚಿತವಾದುದನ್ನು ಕೈಬಿಡುತ್ತ ಹೋಗುವ ಆ ತಾಳ್ಮೆಯನ್ನು ನಾನು ಕಂಡದ್ದು ಅವರ ಎಣ್ಣೆಗೈಯಲ್ಲಿ. ನಮ್ಮ ಮನೆತನದ ಮೊದಲ ಪದವೀಧರ ನಾನಾಗುವೆನೆಂದು ಊರವರು ಹೇಳುತ್ತಾರೆ. ಪದವಿಯ ಮಟ್ಟಿಗೆ ಅದು ನಿಜ. ವಿಚಾರ ಮಾಡುವುದರಲ್ಲಿ ಮಾತ್ರ ನಾನು ನಮ್ಮ ಮನೆಗೆ ಮೊದಲಿಗನಲ್ಲ.