ಹಿಂದಕ್ಕೆ ಸರಿಯುವ ಟ್ರ್ಯಾಕ್ಟರ್, ಮೇಲೇರುವ ಮೃಗಶಿರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಗಾಡಿಗಳ ವಿಡಿಯೊ ಅಂದರೆ ಕಾರಿಗಿಂತ ಮೊದಲು ಬರುವುದು ಟ್ರ್ಯಾಕ್ಟರ್. ಕೋಟಿ ರೂಪಾಯಿಯ ಕಾರುಗಳನ್ನೂ ನಮ್ಮ ಹುಡುಗರು ನೋಡುತ್ತಾರೆ, ಬೆರಗಾಗುತ್ತಾರೆ, ಮುಂದಕ್ಕೆ ಸರಿಸುತ್ತಾರೆ. ಎರಿ ಹೊಲದ ಕೆಸರಿನಲ್ಲಿ ಕಬ್ಬಿನ ಲೋಡು ಹೂತು, ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಎದ್ದರೆ ಮಾತ್ರ ಯಾರೂ ಸರಿಸುವುದಿಲ್ಲ. ಮರಗೂರಿನ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಅಂಥ ಲೋಡುಗಳನ್ನು ಕಣ್ಣಾರೆ ಕಂಡವರಿಗೆ ಆ ವಿಡಿಯೊ ಮನೆಯ ಸುದ್ದಿಯೇ.

ಇನ್ನು ಜಾತ್ರೆಗಳ ರಿವರ್ಸ್ ಸ್ಪರ್ಧೆ. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಹೋಗುವುದು ಸಣ್ಣ ವಿದ್ಯೆಯಲ್ಲ. ಮುಂದಕ್ಕೆ ಎಳೆದಾಗ ಟ್ರೇಲರ್ ತಾನಾಗಿ ನೆಟ್ಟಗಾಗುತ್ತದೆ. ಹಿಂದಕ್ಕೆ ತಳ್ಳಿದಾಗ ಬೆರಳಷ್ಟು ಓರೆಯೂ ಬೆಳೆಯುತ್ತಾ ಹೋಗುತ್ತದೆ. ಕೊಂಡಿ ಎಡಕ್ಕೆ ಸರಿದರೆ ಟ್ರೇಲರಿನ ಹಿಂಭಾಗ ಬಲಕ್ಕೆ ತಿರುಗುತ್ತದೆ. ಅದರ ಬೆನ್ನಿಗೆ ಇನ್ನೊಂದು ಟ್ರೇಲರ್ ಇದ್ದರೆ ಅದರ ಹಿಂಭಾಗ ಮತ್ತೆ ಎಡಕ್ಕೆ. ಇಷ್ಟೂ ಲೆಕ್ಕವನ್ನು ಡ್ರೈವರ್ ಕತ್ತು ಹಿಂದಕ್ಕೆ ಹೊರಳಿಸಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮಾಡುತ್ತಾನೆ. ಒಳ್ಳೆಯ ವಿಡಿಯೊದಲ್ಲಿ ಕ್ಯಾಮೆರಾ ಅವನ ಮುಖ ಬಿಟ್ಟು ಕೊಂಡಿಯ ಮೇಲೇ ನಿಂತಿರುತ್ತದೆ. ನನ್ನ ಮಟ್ಟಿಗೆ ಗಾಡಿಗಳ ವಿಡಿಯೊಗಳಲ್ಲಿ ಇದಕ್ಕಿಂತ ಉತ್ತಮವಾದದ್ದು ಇಲ್ಲ.

ಹಳೆಯ ಬೈಕಿಗೆ ಕುಂಟೆ ಕಟ್ಟಿ ಎಡೆ ಹೊಡೆಯುವ ವಿಡಿಯೊಗಳೂ ಹಾಗೆಯೇ. ತಂತ್ರಜ್ಞಾನ ಅಂದರೆ ಹೊಸ ಫೋನಿನ ಡಬ್ಬಿ ಬಿಚ್ಚುವುದಷ್ಟೇ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಾಡಿಗಳನ್ನು ಬಿಟ್ಟು ಆಕಾಶದ ವಿಡಿಯೊಗಳ ಮಾತಿಗೆ ಬಂದರೆ 2023ರ ಆಗಸ್ಟ್ 23ರ ಸಂಜೆ ನೆನಪಾಗುತ್ತದೆ. ಚಂದ್ರಯಾನ-3 ಇಳಿಯುವುದನ್ನು ಇಸ್ರೋದ ಯೂಟ್ಯೂಬ್ ವಾಹಿನಿಯಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ನೋಡಿದ್ದಾದರೂ ಏನನ್ನು? ಹೆಚ್ಚು ಹೊತ್ತು ತೆರೆಯ ಮೇಲೆ ಇದ್ದದ್ದು ಗೆರೆಗಳು, ಅಂಕಿಗಳು. ಸುಮಾರು 30 ಕಿ.ಮೀ. ಎತ್ತರ, ಸೆಕೆಂಡಿಗೆ 1.68 ಕಿ.ಮೀ. ವೇಗ, ಎರಡೂ ಇಳಿಯುತ್ತಾ ಹೋಗಿ 6 ಗಂಟೆ 4 ನಿಮಿಷಕ್ಕೆ ನೌಕೆ ಚಂದ್ರನ ನೆಲ ಮುಟ್ಟಿತು. ಅಷ್ಟು ಜನ ಉಸಿರು ಬಿಗಿಹಿಡಿದು ಕೂತದ್ದು ಈಗ ಏನು ನಡೆಯುತ್ತಿದೆ ಎಂದು ಹಂತಹಂತವಾಗಿ ಹೇಳುವವರಿದ್ದರು ಎಂಬ ಕಾರಣಕ್ಕೆ.

ಹಾಗೆ ಹೇಳುವವರು ನಮ್ಮ ತಲೆಯ ಮೇಲಿನ ಆಕಾಶಕ್ಕೂ ಬೇಕು. ಹಿಂಗಾರಿ ಜೋಳದ ಸೀಮೆ ಇದು. ಉತ್ತರಿ, ಹಸ್ತ, ಚಿತ್ತಿ ಎಂದು ಮಳೆಯ ಹೆಸರು ಹಿಡಿದೇ ಬಿತ್ತನೆಯ ಮಾತು. ಆ ಹೆಸರುಗಳೆಲ್ಲ ನಕ್ಷತ್ರಗಳದು. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ, ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಆದ್ದರಿಂದಲೇ ಜೂನಿನಲ್ಲಿ ಮೃಗಶಿರಾ ಮಳೆ ಸುರಿಯುವಾಗ ಮೃಗಶಿರ ಕಾಣುವುದಿಲ್ಲ, ಅದು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಕಾಣುವುದು ಡಿಸೆಂಬರಿನ ರಾತ್ರಿ. ಆಗ ಪೂರ್ವಕ್ಕೆ ಮುಖ ಮಾಡಿ ನಿಂತರೆ ಮೇಲುಗಡೆ ಕೆಂಪಗೆ ರೋಹಿಣಿ, ಅದರ ಕೆಳಗೆ ಮೃಗಶಿರ, ಪಕ್ಕದಲ್ಲಿ ಮತ್ತೊಂದು ಕೆಂಪು ಚಿಕ್ಕಿ ಆರಿದ್ರಾ. ಮುಂಗಾರಿನ ಮೂರು ಮಳೆಗಳು ಒಂದೇ ನೋಟಕ್ಕೆ ಸಿಗುತ್ತವೆ. ಇದನ್ನು ನೋಡಲು ದುರ್ಬೀನು ಬೇಡ, ಊರ ದೀಪಗಳಿಂದ ಒಂದಿಷ್ಟು ದೂರ ಹೋದರೆ ಸಾಕು.

ಗೆಲಾಕ್ಸಿ, ಕಪ್ಪುರಂಧ್ರಗಳ ಬಗ್ಗೆ ಕನ್ನಡದಲ್ಲಿ ವಿಡಿಯೊಗಳಿವೆ, ಸಂತೋಷ. ಹೊಲದಲ್ಲಿ ನಿಂತು ಆರಿದ್ರಾ ತೋರಿಸಿ ಮಾತಾಡುವ ವಿಡಿಯೊಗಳು ಇನ್ನೂ ಬೇಕು. ಈ ನಾಲ್ಕೂ ತಾಲೂಕುಗಳ ವಿಜ್ಞಾನದ ಮೇಷ್ಟ್ರುಗಳೇ, ಬರುವ ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸು ಒಂದು ರಾತ್ರಿ ಒಂಬತ್ತಕ್ಕೆ ಮಕ್ಕಳನ್ನೂ ಅವರ ಅಜ್ಜಂದಿರನ್ನೂ ಕರೆದುಕೊಂಡು ಹೊಲಕ್ಕೆ ಹೋಗಿ. ಮಳೆಯ ಹೆಸರು ಅಜ್ಜ ಹೇಳಲಿ, ನಕ್ಷತ್ರ ನೀವು ತೋರಿಸಿ, ವಿಡಿಯೊ ಹುಡುಗರು ತೆಗೆಯಲಿ.