ಕ್ಯಾಂಪು

ಸಿಂಧನೂರು ಸೀಮೆಯ ಒಂದು ಶಾಲೆಯಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರಿಗೆ ಒಂದು ಶಬ್ದದ ಋಣ ಉಳಿದುಹೋಗಿತ್ತು. ಅವರು ಕೆಲಸಕ್ಕೆ ಸೇರಿದ ಮೊದಲ ವರುಷ, ಪ್ರವೇಶದ ಪುಸ್ತಕದಲ್ಲಿ ಹುಡುಗನೊಬ್ಬನ ಹೆಸರನ್ನು ಬರೆದುಕೊಳ್ಳುತ್ತ, ಊರು ಯಾವುದೆಂದು ಕೇಳಿದರು. ಹುಡುಗನು “ಕ್ಯಾಂಪು” ಎಂದನು. “ಕ್ಯಾಂಪು ಊರಲ್ಲೋ ತಮ್ಮಾ, ನಿನ್ನ ಸ್ವಂತ ಊರು ಹೇಳು” ಎಂದು ಮಾಸ್ತರರು ಗದರಿಸಿದರು. “ನಾ ಹುಟ್ಟಿದ್ದು ಅಲ್ಲೇರಿ, ಸರ” ಎಂದು ಹುಡುಗನು ತಲೆ ತಗ್ಗಿಸಿದನು. ಮಾಸ್ತರರು ಮುಂದೆ ಮಾತಾಡದೆ ಆ ಮನೆಯನ್ನು ಖಾಲಿ ಬಿಟ್ಟು ಮುಂದಿನ ಹೆಸರಿಗೆ ಹೋದರು. ಪುಸ್ತಕದಲ್ಲಿ ಬಿಟ್ಟ ಆ ಖಾಲಿ ಜಾಗವು ಅವರ ಮನಸ್ಸಿನಲ್ಲಿ ಮಾತ್ರ ತುಂಬಿಕೊಂಡೇ ಇತ್ತು.

ಶಬ್ದಗಳ ಕುಲಗೋತ್ರವನ್ನು ವಿಚಾರಿಸುವದು ಅವರಿಗೆ ಮೊದಲಿನಿಂದಲೂ ಇದ್ದ ಹವ್ಯಾಸ. ಆಂಗ್ಲರ ಈ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಕಾಂಪುಸ್’; ಅದರ ಅರ್ಥ ಬರಿಯ ಬಯಲು. ರೋಮನ್ನರು ಯುದ್ಧದೇವತೆಯಾದ ಮಾರ್ಸನ ಹೆಸರಿನ ಬಯಲಿನಲ್ಲಿ ಸೈನಿಕರಿಗೆ ಕವಾಯತು ಕಲಿಸುತ್ತಿದ್ದರು. ಬಯಲಿನಲ್ಲಿ ದಂಡು ಇಳಿದುದರಿಂದ ಬಯಲೇ ಪಾಳೆಯವಾಯಿತು. ಅಲ್ಲಿಯೇ ಕಾಳಗವೂ ನಡೆದುದರಿಂದ ಜರ್ಮನರ ಬಾಯಲ್ಲಿ ಅದು ‘ಕಾಂಪ್ಫ್’ ಎಂದಾಗಿ ಹೋರಾಟವೆಂಬ ಅರ್ಥವನ್ನು ತಳೆಯಿತು. ಕಣಕ್ಕಿಳಿದವನು ‘ಚಾಂಪಿಯನ್’, ವಿದ್ಯಾರ್ಥಿಗಳ ಅಂಗಳ ‘ಕ್ಯಾಂಪಸ್’, ಚುನಾವಣೆಯ ಅಬ್ಬರ ‘ಕ್ಯಾಂಪೇನ್’: ಇವೆಲ್ಲವೂ ಒಂದೇ ಬಯಲಿನ ಬೆಳೆ. ನಮ್ಮಲ್ಲಿಯಾದರೋ ಸಾಹೇಬರು ಕಚೇರಿಯಲ್ಲಿಲ್ಲದಿದ್ದರೆ ‘ಕ್ಯಾಂಪಿಗೆ ಹೋಗಿದ್ದಾರೆ’. ವೈದ್ಯರು ಊರಿಗೆ ಬಂದರೆ ‘ಕಣ್ಣಿನ ಕ್ಯಾಂಪು’. ಎಲ್ಲಿ ನೋಡಿದರೂ, ಬಂದು ಹೋಗುವದೆಂಬ ಅರ್ಥವೊಂದು ಈ ಶಬ್ದವನ್ನು ಬಿಡದು. ಹುಡುಗನನ್ನು ಗದರಿಸಿದುದು ಈ ಅರ್ಥದ ಬಲದಿಂದಲೇ.

ಆದರೆ ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ ದಾರಿಯು ಈ ಅರ್ಥವನ್ನು ಅಷ್ಟು ಸುಲಭವಾಗಿ ಒಪ್ಪುವದಿಲ್ಲ.

ಲಿಂಗಸುಗೂರಿನಲ್ಲಿ ಹಳೆಯ ಊರಿಗೆ ‘ಕಸಬಾ’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ ಕಂಟಿಂಜೆಂಟ್ ಎಂಬ ಸೈನ್ಯದ ತುಕಡಿಯು ಬಂದಿಳಿದ ಕಡೆಗೆ ‘ಛಾವಣಿ’ ಎಂಬ ಹೆಸರಾಯಿತು. ಹಿಂದೂಸ್ತಾನಿಯಲ್ಲಿ ಛಾವಣಿಯೆಂದರೆ ದಂಡಿನ ಬೀಡು. ಮೇಲೆ ಹೊದಿಸುವದೆಂಬ ಧಾತುವಿನಿಂದ ಬಂದುದು. ಕನ್ನಡಿಗನ ಕಿವಿಗೆ ಅದು ಮನೆಯ ಮಾಡು. ದಂಡು ಎಂದೋ ಹೋಯಿತು. 1905ರ ವರೆಗೆ ಲಿಂಗಸುಗೂರಿಗಿದ್ದ ಜಿಲ್ಲೆಯ ಪದವಿಯೂ ಹೋಯಿತು. ಉಳಿದುದು ಜನವಸತಿ. ಸಿಪಾಯಿಯ ಛಾವಣಿಯು ಸಂಸಾರಿಯ ಛಾವಣಿಯಾಯಿತು.

ಇದು ಹೊಸ ಮಾತೇನೂ ಅಲ್ಲ. ನಮ್ಮ ‘ಬೀಡು’ ಎಂಬುದೂ ‘ಬಿಡು’ ಎಂಬ ಧಾತುವಿನಿಂದ ಹುಟ್ಟಿತು. ದಂಡು ಬೀಡುಬಿಟ್ಟಿತೆಂದು ಇಂದಿಗೂ ಹೇಳುವೆವು. ಆ ಬೀಡೇ ಸ್ಥಿರವಾದಾಗ ಶಾಸನಗಳಲ್ಲಿ ‘ನೆಲೆವೀಡು’ ಎಂಬ ಗೌರವವನ್ನು ಪಡೆದು ಅರಸರ ರಾಜಧಾನಿಯಾಯಿತು. ಹೊಯ್ಸಳರ ರಾಜಧಾನಿಯನ್ನು ಲೋಕವು ಇಂದು ‘ಹಳೇಬೀಡು’ ಎಂದು ಕರೆಯುವಾಗ, ಅದು ಊರಲ್ಲವೆಂದು ಯಾರೂ ಗದರಿಸುವದಿಲ್ಲ.

ಮಸ್ಕಿಯ ಸಾಕ್ಷ್ಯವು ಇನ್ನೂ ಹಳೆಯದು. ಅಲ್ಲಿಯ ಬೆಟ್ಟದ ಬಂಡೆಯ ಮೇಲಿನ ಬರಹವು 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಎಂಬವರ ಕಣ್ಣಿಗೆ ಬಿದ್ದಿತು. ಅಲ್ಲಿಯ ವರೆಗೆ ದೇವಾನಾಂಪ್ರಿಯನೆಂಬಂಥ ಬಿರುದುಗಳಿಂದಷ್ಟೇ ಶಾಸನಗಳಲ್ಲಿ ಕಂಡಿದ್ದ ಅರಸನು ಅಶೋಕನೇ ಎಂಬುದಕ್ಕೆ ಮಸ್ಕಿಯ ಕಲ್ಲು ಹೆಸರಿನ ಸಮೇತ ಪ್ರಮಾಣ ಕೊಟ್ಟಿತು. ಇದೇ ವರ್ಗದ ಶಾಸನವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಉಂಟು. ಅದರಲ್ಲಿ 256 ಎಂಬ ಸಂಖ್ಯೆಯಿದೆ. ಅರಸನು ಮನೆಯಿಂದ ಹೊರಗೆ, ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವಿದೆಂದು ಅನೇಕ ವಿದ್ವಾಂಸರು ಅರ್ಥಮಾಡಿದ್ದಾರೆ. ಹಾಗಾದರೆ ಚಕ್ರವರ್ತಿಯ ಧರ್ಮವಾಕ್ಯವು ಹೊರಟುದು ಅರಮನೆಯಿಂದಲ್ಲ, ಕ್ಯಾಂಪಿನಿಂದ. ಆಡಿದವನು ನಡೆದುಹೋದನು, ಆಡಿದ ಮಾತು ಕಲ್ಲಿನಲ್ಲಿ ನೆಲೆಸಿತು.

ಮಸ್ಕಿಯನ್ನು ದಾಟಿ ಸಿಂಧನೂರಿನ ಕಡೆಗೆ ಸಾಗಿದಂತೆ ಎರಿಯ ನೆಲವು ಹಸುರಾಗುವದು. 1945ರಲ್ಲಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಕಾಲುವೆಗಳಿಗೆ ಹರಿಯಿತು. ಜೋಳ ಹತ್ತಿಗಳನ್ನು ಬಲ್ಲ ಒಣಬೇಸಾಯದ ಈ ಸೀಮೆಗೆ ಕೆಸರುಗದ್ದೆಯ ವಿದ್ಯೆ ಹೊಸದು. ಅದನ್ನು ಬಲ್ಲ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು, ಹೊಲದ ಬದಿಯಲ್ಲಿಯೇ ಗುಡಿಸಲು ಹಾಕಿದರು. ಅದೇ ‘ಕ್ಯಾಂಪು’. ಆಮೇಲೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿ ಕುಟುಂಬಗಳಿಗೆ ಸಿಂಧನೂರಿನ ಬಳಿ ಸರಕಾರವು ಪುನರ್ವಸತಿ ಕಲ್ಪಿಸಿತು, ಅವು ‘ಆರ್.ಎಚ್. ಕ್ಯಾಂಪು’ಗಳಾದವು. ಲಾಭವನ್ನು ಅರಸಿ ಬಂದವರಿಗೂ, ಎಲ್ಲವನ್ನೂ ಕಳೆದುಕೊಂಡು ಬಂದವರಿಗೂ ಒಂದೇ ಶಬ್ದವು ನೆರಳಾಯಿತು. ಗುಡಿಸಲು ಹೋಗಿ ಮಾಳಿಗೆ ಬಂದಿತು. ಮೊಮ್ಮಕ್ಕಳು ಕನ್ನಡದಲ್ಲಿ ಜಗಳಾಡತೊಡಗಿದರು. ಹೆಸರು ಮಾತ್ರ ಕ್ಯಾಂಪಾಗಿಯೇ ಉಳಿಯಿತು. ತಾಂಡಾ, ಹಟ್ಟಿ, ಕ್ಯಾಂಪುಗಳಂಥ ವಸತಿಗಳನ್ನು ಕಂದಾಯ ಗ್ರಾಮಗಳೆಂದು ದಾಖಲಿಸುವ ಪ್ರಯತ್ನವು ಈಚಿನ ವರುಷಗಳಲ್ಲಿ ನಡೆದಿದೆ. ಹೆಸರಿನ ಪ್ರಶ್ನೆಯು ಮನೆಯ ಹಕ್ಕುಪತ್ರದ ಪ್ರಶ್ನೆಯೂ ಅಹುದೆಂಬುದನ್ನು ಅಲ್ಲಿಯ ಗೃಹಸ್ಥರೇ ಚೆನ್ನಾಗಿ ಬಲ್ಲರು.

ಒಂದು ದಿನ ಮಾಸ್ತರರಿಗೆ ಲಗ್ನಪತ್ರಿಕೆ ಬಂದಿತು. ಕಳಿಸಿದವನು ಅದೇ ಹುಡುಗ. ಈಗ ತಲೆ ನರೆತ ಗೃಹಸ್ಥ, ಮಗಳ ಮದುವೆ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು. ಕೆಳಗೆ ಕ್ಯಾಂಪಿನ ಹೆಸರು ದಪ್ಪಕ್ಷರಗಳಲ್ಲಿ ನಿಸ್ಸಂಕೋಚವಾಗಿ ಅಚ್ಚಾಗಿತ್ತು. ಮಾಸ್ತರರು ಆಶೀರ್ವಾದದ ಪತ್ರವನ್ನು ಬರೆದು, ರೂಢಿಯಂತೆ ಮೇಲೆ ತಮ್ಮ ವಿಳಾಸವನ್ನು ಹಾಕತೊಡಗಿದರು. ‘ಮು. ಪೋ.’ ಎಂದು ಬರೆದವರು ಅಲ್ಲಿಯೇ ನಿಂತರು. ಮುಕ್ಕಾಂ, ಪೋಸ್ಟ್. ಮುಕ್ಕಾಮೆಂದರೆ ದಾರಿಹೋಕನು ತಂಗುವ ಠಾವು. ಏಳು ತಲೆಮಾರು ಬಾಳಿದ ತಮ್ಮ ಹಿರಿಯರ ಊರಿನ ಹಿಂದೆಯೂ, ಐವತ್ತು ವರುಷಗಳಿಂದ ಅವರು ತಮ್ಮ ಕೈಯಾರೆ ಕ್ಯಾಂಪೆಂದೇ ಬರೆಯುತ್ತ ಬಂದಿದ್ದರು.

ಅವರು ನಸುನಕ್ಕು, ಲಕೋಟೆಯ ಮೇಲೆ ಶಿಷ್ಯನ ಹೆಸರನ್ನೂ ಅದರ ಕೆಳಗೆ ಅವನ ಊರನ್ನೂ ಸ್ಫುಟವಾಗಿ ಬರೆದರು.